ಕಾರಿನ ಟೇಪು ಮತ್ತು ಅಪ್ಪನ ಕಿವಿ

ನಿವೃತ್ತಿಯಾದ ಮೇಲೆ ಅಪ್ಪ ನನ್ನ ಹತ್ತಿರ ಬಾಯಿಬಿಟ್ಟು ಕೇಳಿದ ವಸ್ತು ಒಂದೇ: ಕಾರಿನ ಟೇಪಿಗೆ ಒಂದು ಇಕ್ವಲೈಸರ್. ಟೇಪು ಅಂದರೆ ಕ್ಯಾಸೆಟ್ಟೇ ಆಗಬೇಕಿಲ್ಲ. ನಮ್ಮ ಕಡೆ ಕಾರಿನೊಳಗೆ ಹಾಡು ಹೇಳುವ ಯಾವ ಪೆಟ್ಟಿಗೆಗೂ ಇವತ್ತಿಗೂ ಟೇಪ್ ಎಂದೇ ಹೆಸರು. ಪೆನ್‌ಡ್ರೈವ್ ಚುಚ್ಚಿದರೂ ಟೇಪೇ, ಬ್ಲೂಟೂತ್ ಆದರೂ ಟೇಪೇ. ನಮ್ಮದು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡ, ಹನ್ನೆರಡು ವರ್ಷ ಓಡಿದ ಸಣ್ಣ ಕಾರು. ಅದರ ಟೇಪಿನ ಬಗ್ಗೆ ಅಪ್ಪನ ದೂರು ಹೀಗಿತ್ತು: “ಹಾಡು ಹತ್ತತೈತಿ, ಆದ್ರ ಖುಲ್ಲಾ ಕೇಳಸವಲ್ದು. ಹಾಡಿನ ಮ್ಯಾಲ ಯಾರೋ ಕೌದಿ ಹೊಚ್ಚಿದಂಗ ಆಗೇತಿ ನೋಡವಾ.”

ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರ್. ನಾನು ಬೆಳಗಾವಿಯಲ್ಲಿ ಕೋಣೆ ಮಾಡಿಕೊಂಡು ಪಿಎಚ್.ಡಿ. ಮಾಡುತ್ತಿದ್ದೇನೆ. ಶನಿವಾರ ಊರಿಗೆ ಬಸ್ಸಿನಲ್ಲಿ ಹೋದರೂ ಭಾನುವಾರ ಸಂಜೆ ಅಪ್ಪ ಕಾರಿನಲ್ಲೇ ಬಿಡಲು ಬರುತ್ತಾರೆ, ಜೊತೆಗೆ ಅವ್ವನೂ ಬರುತ್ತಾಳೆ. ಗಣೇಬೈಲ, ಮಚ್ಛೆ, ಪೀರನವಾಡಿ, ಉದ್ಯಮಬಾಗ ದಾಟುವ ಅಷ್ಟೂ ಹೊತ್ತು ಭೀಮಸೇನ ಜೋಶಿಯವರು ನಮ್ಮ ಜೊತೆಗಿರುತ್ತಾರೆ. ಹೋಗುವಾಗ ದಾಸರ ಪದ, ಒಮ್ಮೊಮ್ಮೆ ಮರಾಠಿ ಅಭಂಗ. ಎರಡು ಭಾಷೆಯ ಊರಿನಲ್ಲಿ ಬೆಳೆದ ಅಪ್ಪನಿಗೆ ಎರಡೂ ಮನೆಯ ಹಾಡೇ. ಆ ಹಾಡಿನ ಮೇಲಿನ ಕೌದಿ ತೆಗೆಯುವ ಕೆಲಸ ನನಗೆ ಬಿತ್ತು.

ನನಗೆ ಈ ಯಂತ್ರದ ಪರಿಚಯ ಆದದ್ದು ಸಂಶೋಧನೆಯಿಂದ. ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿ ಬೀಸುಕಲ್ಲಿನ ಪದಗಳನ್ನು ರೆಕಾರ್ಡ್ ಮಾಡುತ್ತಿದ್ದೇನೆ. ಬೀಸುಕಲ್ಲು ಈಗ ದಿನಬಳಕೆಯಲ್ಲಿಲ್ಲ. ಅಟ್ಟದ ಬುಡದಿಂದಲೋ ಹಿತ್ತಲಿನಿಂದಲೋ ಎಳೆದು ತಂದು ಅಜ್ಜಿಯಂದಿರು ಹಾಡುತ್ತಾರೆ. ಕಲ್ಲು ತಿರುಗುವಾಗಿನ ಗುರ್ ಎನ್ನುವ ಕೆಳದನಿ ಅವರ ಮಾತನ್ನು ನುಂಗಿಬಿಡುತ್ತದೆ. ಅದನ್ನು ಬರಹಕ್ಕೆ ಇಳಿಸುವಾಗ ನಾನು ಲ್ಯಾಪ್‌ಟಾಪಿನಲ್ಲಿ ಇಕ್ವಲೈಸರ್ ತೆರೆದು 150 ಹರ್ಟ್ಸ್‌ಗಿಂತ ಕೆಳಗಿನದನ್ನು ಇಳಿಸುತ್ತೇನೆ. ಅಜ್ಜಿಯ ದನಿಯನ್ನು ಒಂದು ಕೂದಲಿನಷ್ಟೂ ಏರಿಸಿರುವುದಿಲ್ಲ, ಆದರೂ ಪದಗಳು ಮೇಲೆದ್ದು ಬರುತ್ತವೆ. ಪೂರ್ತಿ ತೆಗೆಯುವಂತೆಯೂ ಇಲ್ಲ. ಹಾಡಿನ ತಾಳ ಇರುವುದೇ ಆ ಕಲ್ಲಿನಲ್ಲಿ.

ಇಕ್ವಲೈಸರ್ ಎಂಬ ಹೆಸರಿನ ಹಿಂದೆ ಒಂದು ಕಥೆಯಿದೆ. ಅದು ಹುಟ್ಟಿದ್ದು ಸಂಗೀತಕ್ಕಲ್ಲ, ಟೆಲಿಫೋನಿಗೆ. ಉದ್ದದ ತಂತಿಯಲ್ಲಿ ಮಾತು ಹರಿದು ಹೋಗುವಾಗ ಮೇಲಿನ ದನಿಗಳು ಕೆಳದನಿಗಳಿಗಿಂತ ಹೆಚ್ಚು ಸೋರಿಹೋಗುತ್ತಿದ್ದವು. ಆ ಕಡೆಯವರಿಗೆ ಮಾತು ಮಂಕಾಗಿ ಕೇಳುತ್ತಿತ್ತು. ಸೋರಿದ್ದನ್ನು ಲೆಕ್ಕ ಹಾಕಿ, ಕೊನೆಯಲ್ಲಿ ಎಲ್ಲವೂ ಮೊದಲಿದ್ದ ಪ್ರಮಾಣಕ್ಕೆ ಬರುವ ಹಾಗೆ ಮಾಡುವ ಸರ್ಕ್ಯೂಟಿಗೆ ‘ಸಮ ಮಾಡುವುದು’ ಎಂಬ ಅರ್ಥದ ಈ ಹೆಸರು ಬಂತು. 1930ರ ದಶಕದಲ್ಲಿ ಅದು ಸಿನಿಮಾದ ಧ್ವನಿಗೆ ಬಂತು. ಬೇಕಾದ ಕಡೆ ಬೇಕಾದಷ್ಟು ತಿದ್ದಬಲ್ಲ ಪ್ಯಾರಾಮೆಟ್ರಿಕ್ ಎಂಬ ಜಾತಿಗೆ 1972ರಲ್ಲಿ ಆ ಹೆಸರು ಕೊಟ್ಟವರು ಜಾರ್ಜ್ ಮ್ಯಾಸೆನ್‌ಬರ್ಗ್. ಅಂದರೆ ಇಕ್ವಲೈಸರ್ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ‘ಎಷ್ಟು ಏರಿಸುತ್ತದೆ’ ಎಂಬುದಲ್ಲ. ದಾರಿಯಲ್ಲಿ ಏನು ಸೋರಿಹೋಗಿದೆ, ಎಲ್ಲಿ ಸೋರಿದೆ?

ಬೆಳಗಾವಿಯ ಅಂಗಡಿಯಲ್ಲಿ ಈ ಪ್ರಶ್ನೆ ಯಾರೂ ಕೇಳಲಿಲ್ಲ. ಮಾಲಕರು ಖುರ್ಚಿ ಕೊಟ್ಟು, ಚಹಾ ತರಿಸಿ ಕೇಳಿದರು: “ತಂಗಿ, ಬೇಸ್ ಬೇಕೋ, ಟ್ರೆಬಲ್ ಬೇಕೋ?”

“ನನಗ ಮಾತು ಕೇಳಸಬೇಕ್ರಿ.”

ಅವರು ನಕ್ಕುಬಿಟ್ಟರು. “ಮಾತು ಕೇಳಾಕ ಯಾರೂ ಇಕ್ವಲೈಸರ್ ತಗೊಳ್ಳೂದಿಲ್ಲವಾ. ಎಲ್ಲಾರಿಗೂ ಎದಿ ಗುದ್ದಬೇಕು.”

ಅವರು ಹೇಳಿದ್ದು ಸುಳ್ಳಲ್ಲ. ಗಣಪತಿ ಕಳಿಸುವ ದಿನ ಬೆಳಗಾವಿಯ ಓಣಿಗಳಲ್ಲಿ ನಿಂತವರಿಗೆ ‘ಡಾಲ್ಬಿ’ ಅಂದರೆ ಏನೆಂದು ಗೊತ್ತು. ಇಲ್ಲಿ ಅದು ಕಂಪನಿಯ ಹೆಸರಲ್ಲ, ಟ್ರಾಲಿಯ ಮೇಲೆ ಗೋಡೆಯ ಹಾಗೆ ಪೇರಿಸಿದ ಸ್ಪೀಕರುಗಳ ಹೆಸರು. ಕಿವಿಗಿಂತ ಮೊದಲು ಪಕ್ಕೆಲುಬಿಗೆ ಕೇಳುವ ಹಾಡು ಅದು. ಕಾರಿನಲ್ಲೂ ಅದನ್ನೇ ಬಯಸುವ ಹುಡುಗರೇ ಆ ಅಂಗಡಿಯ ಗಿರಾಕಿಗಳು.

ಆದರೂ ಅವರು ಮೇಜಿನ ಮೇಲೆ ಮೂರು ತರದ ಮಾಲು ಇಟ್ಟರು. ಒಂದು, ಟೇಪಿನ ಅರ್ಧ ಎತ್ತರದ ಗ್ರಾಫಿಕ್ ಇಕ್ವಲೈಸರ್. ಏಳು ಗುಂಡಿ, ಒಂದೊಂದಕ್ಕೂ ಒಂದೊಂದು ದನಿಯ ವಲಯ. ಗುಂಡಿಗಳು ನಿಂತ ಸಾಲೇ ಒಂದು ಗೆರೆಯ ಚಿತ್ರದ ಹಾಗೆ ಕಾಣುವುದರಿಂದ ಗ್ರಾಫಿಕ್ ಎಂಬ ಹೆಸರು. ಎರಡು, ಸೀಟಿನ ಕೆಳಗೆ ಕೂರುವ ಡಿಜಿಟಲ್ ಪ್ರೊಸೆಸರ್. ಮೊಬೈಲಿನಿಂದಲೇ ಎಲ್ಲ ತಿದ್ದಬಹುದು, ಬೆಲೆ ಮಾತ್ರ ನನ್ನ ಫೆಲೋಶಿಪ್ಪಿನ ಅಳತೆಯದಲ್ಲ. ಮೂರು, 13 ಬ್ಯಾಂಡಿನ ಇಕ್ವಲೈಸರನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ ಹೊಸ ಟೇಪು.

ಗುಂಡಿಗಳ ಕೆಳಗಿನ ಅಂಕಿಗಳು ಸಂಗೀತ ಬಲ್ಲವರಿಗೆ ಅಪರಿಚಿತವಲ್ಲ. 125, 250, 500, 1000, 2000, 4000, 8000. ಪ್ರತಿ ಹೆಜ್ಜೆಗೂ ದುಪ್ಪಟ್ಟು. ಕಂಪನ ದುಪ್ಪಟ್ಟಾದರೆ ಅದೇ ಸ್ವರ ಮುಂದಿನ ಸಪ್ತಕದಲ್ಲಿ ಸಿಗುತ್ತದೆ. ಹತ್ತು ಬ್ಯಾಂಡಿನ ಇಕ್ವಲೈಸರ್ ಅಂದರೆ ಹತ್ತು ಸಪ್ತಕಗಳಿಗೆ ಒಂದೊಂದು ಹಿಡಿಕೆ. ಗಂಡು ಗಾಯಕರು ಹೆಚ್ಚಾಗಿ ಹಿಡಿಯುವ ಷಡ್ಜ ಹಾರ್ಮೋನಿಯಂನ ಮೊದಲ ಬಿಳಿ ಪಟ್ಟಿ, ಮೊದಲ ಕರಿ ಪಟ್ಟಿಯ ಸುತ್ತ, ಅಂದರೆ 130ರಿಂದ 140 ಹರ್ಟ್ಸ್ ಹತ್ತಿರ. ಅದು 125ರ ಗುಂಡಿಯ ಹತ್ತಿರವೇ ಇದೆ. ಹಾಗಾದರೆ ಮೇಲಿನ ಗುಂಡಿಗಳಲ್ಲಿ ಏನಿದೆ? ಕಂಠದ ಬಣ್ಣವಿದೆ, ತಂಬೂರಿಯ ಝೇಂಕಾರವಿದೆ, ಮತ್ತು ವ್ಯಂಜನಗಳಿವೆ. ಸ್ವರಾಕ್ಷರಗಳ ಬಲವೆಲ್ಲ ಬಹುಮಟ್ಟಿಗೆ ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ‘ಶ’ ಎರಡೂವರೆ ಸಾವಿರದಿಂದ ಮೇಲೆ, ‘ಸ’ ನಾಲ್ಕು ಸಾವಿರದಿಂದಲೂ ಮೇಲೆ. ದನಿಯ ಬಲ ಕೆಳಗಿದ್ದರೆ ಮಾತಿನ ಅರ್ಥ ಮೇಲಿದೆ.

ಅಂಗಡಿಯಲ್ಲಿ ವೈರು ಜೋಡಿಸುವ ಹುಡುಗ ಮಾಲಕರಿಗೆ ಕೇಳದ ಹಾಗೆ ಒಂದು ಮಾತು ಹೇಳಿದ: “ಅಕ್ಕಾರ, ಏರ್ಸೂಕಿಂತ ಇಳ್ಸೂದ ಚಲೋ ನೋಡ್ರಿ.” ಅದರ ಲೆಕ್ಕ ಹೀಗಿದೆ. ಒಂದು ಗುಂಡಿಯನ್ನು 3 ಡೆಸಿಬಲ್ ಏರಿಸಿದರೆ ಆ ವಲಯಕ್ಕೆ ಆಂಪ್ಲಿಫೈಯರ್ ದುಪ್ಪಟ್ಟು ಶಕ್ತಿ ಕೊಡಬೇಕು. ಪೂರ್ತಿ 12 ಡೆಸಿಬಲ್ ಏರಿಸಿದರೆ ಹದಿನಾರು ಪಟ್ಟು. ಸಣ್ಣ ಕಾರಿನ ಬಾಗಿಲೊಳಗಿನ ಸ್ಪೀಕರು ಅಷ್ಟು ತಡೆಯದೆ ಒಡಕುದನಿ ಮಾಡುತ್ತದೆ. ಬೇಡದ್ದನ್ನು ಇಳಿಸಿದರೆ ಯಾರಿಗೂ ಭಾರವಿಲ್ಲ. ಕಾರಿನ ಒಳಗಿನ ಗದ್ದಲದಲ್ಲಿ ಬಹುಪಾಲು ಇಂಜಿನ್ನು, ರಸ್ತೆ, ಗಾಲಿಗಳ ಕೆಳದನಿ. ಕೆಳದನಿಗೆ ಮೇಲಿನದನ್ನು ಮುಚ್ಚುವ ಗುಣ ಹೆಚ್ಚು. ಮೇಲಿನದಕ್ಕೆ ಕೆಳಗಿನದನ್ನು ಮುಚ್ಚುವ ಶಕ್ತಿ ಅಷ್ಟಿಲ್ಲ. ಬೀಸುಕಲ್ಲಿನ ನ್ಯಾಯವೇ ಇಲ್ಲಿಯೂ.

ಇಕ್ವಲೈಸರಿಗೆ ಆಗದ ಕೆಲಸಗಳೂ ಇವೆ. ಅಪ್ಪನ ಹತ್ತಿರ ಧಾರವಾಡ ಆಕಾಶವಾಣಿಯ ಮಧ್ಯಮ ತರಂಗದಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡ ಹಾಡುಗಳಿವೆ. ಆ ತರಂಗದಲ್ಲಿ ಸುಮಾರು ಐದು ಸಾವಿರ ಹರ್ಟ್ಸ್ ಮೇಲಿನ ದನಿ ಬರುವುದೇ ಇಲ್ಲ. ಅಲ್ಲಿ 8000ದ ಗುಂಡಿ ಏರಿಸಿದರೆ ಏರುವುದು ಕ್ಯಾಸೆಟ್ಟಿನ ಬುಸ್ ಎನ್ನುವ ಸದ್ದು ಮಾತ್ರ. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಗಾಂಧಾರಿ ಹಾನಗಲ್ ಎಂಬ ಹೆಸರಿನಲ್ಲಿ ಕೊಟ್ಟ ಧ್ವನಿಮುದ್ರಿಕೆಗಳಲ್ಲಿ ಎಳೆಯ, ತೆಳುವಾದ ಹೆಣ್ಣುದನಿಯಿದೆ. ಗಂಟಲಿನ ಚಿಕಿತ್ಸೆಯ ನಂತರ ಬಂದದ್ದು ನಾವೆಲ್ಲ ಬಲ್ಲ ಆ ಗಂಭೀರ ಕಂಠ. ಒಂದರಿಂದ ಇನ್ನೊಂದಕ್ಕೆ ಒಯ್ಯುವ ಗುಂಡಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಇರುವುದರ ಪ್ರಮಾಣವನ್ನು ತಿದ್ದಬಹುದು, ಇಲ್ಲದ್ದನ್ನು ಹುಟ್ಟಿಸಲಾಗದು.

ಆದರೆ ನಮ್ಮ ಕಾರಿನ ಹಾಡುಗಳಲ್ಲಿ ಎಲ್ಲವೂ ಇತ್ತು. ಪೆನ್‌ಡ್ರೈವಿನಲ್ಲಿದ್ದ ಧ್ವನಿಮುದ್ರಣ ಚೊಕ್ಕವಾಗಿತ್ತು. ಕಾರು ನಿಂತಾಗ, ಇಂಜಿನ್ನು ಬಂದಾದಾಗ ನನಗೂ ಅವ್ವನಿಗೂ ‘ಸ’, ‘ಶ’ ಬಿಡಿಬಿಡಿಯಾಗಿ ಕೇಳುತ್ತಿದ್ದವು. ಅಪ್ಪ ಟ್ರೆಬಲ್ ಗುಂಡಿಯನ್ನು ಪೂರ್ತಿ ತಿರುಗಿಸಿ ಇಟ್ಟುಕೊಂಡಿದ್ದರು. ಹಿಂದಿನ ಸೀಟಿನಲ್ಲಿ ಅವ್ವ ಸೆರಗಿನಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅಪ್ಪನಿಗೆ ಮಾತ್ರ ಕೌದಿ ಹಾಗೇ ಇತ್ತು.

ಮನೆಯಲ್ಲಿ ‘ಸ’ ಎಂಬ ಅಕ್ಷರ ಆಗಲೇ ತೊಂದರೆ ಕೊಡುತ್ತಿತ್ತು. ನಿವೃತ್ತಿಯ ನಂತರ ಮುಂಜಾನೆಯ ಚಹಾ ಅಪ್ಪನ ಕೆಲಸ. ಸಕ್ಕರೆ ಹಾಕುವಾಗ ಅವ್ವ “ಸಾಕ್ರಿ” ಎನ್ನುತ್ತಾಳೆ, ಅಪ್ಪನಿಗೆ “ಹಾಕ್ರಿ” ಎಂದು ಕೇಳುತ್ತದೆ, ಮೂರನೆಯ ಚಮಚ ಬೀಳುತ್ತದೆ. ಅಣ್ಣ ಫೋನಿನಲ್ಲಿ ಸಂಭ್ರಮದಿಂದ “ಅಪ್ಪಾ, ಸಾಲ ತೀರ್ತು” ಎಂದರೆ ಅಪ್ಪ ಚೀಲ ಹುಡುಕುತ್ತ “ಹಾಲ ತೀರ್ತಾ? ತಡಿ, ತರ್ತೀನಿ” ಎಂದಿದ್ದರು. ನಾವು ಬಿದ್ದು ಬಿದ್ದು ನಕ್ಕಿದ್ದೆವು. ‘ಸ’ಕ್ಕೂ ‘ಹ’ಕ್ಕೂ ನಡುವೆ ಇರುವ ವ್ಯತ್ಯಾಸವೆಲ್ಲ ನಾಲ್ಕು ಸಾವಿರದ ಮೇಲಿನ ಆ ಸಣ್ಣ ಸುಳಿಗಾಳಿಯದು. ಅದೊಂದು ಹೋದರೆ ಸಾಲ ಹಾಲಾಗುತ್ತದೆ.

ಹೇಳುವುದು ಹೇಗೆ? ಟೇಪು ಸರಿಯಿದೆ, ನಿಮ್ಮ ಕಿವಿ ಹೋಗಿದೆ ಎಂದು ಅಪ್ಪನಿಗೆ ಮಗಳು ಹೇಳುವ ಮಾತಲ್ಲ. ನಾನು ಬೇರೆ ರೀತಿಯಲ್ಲಿ ಹೇಳಿದೆ: “ಅಪ್ಪಾ, ಚಪ್ಪಲಿ ತಗೊಳ್ಳಾಕ ಕಾಲಿನ ಅಳತಿ ಬೇಕಲ್ಲ, ಹಂಗ ಇಕ್ವಲೈಸರ್ ತಗೊಳ್ಳಾಕ ಕಿವಿ ಅಳತಿ ಬೇಕು.” ಅದು ನೆಪವೂ ಹೌದು, ನಿಜವೂ ಹೌದು. ಅಪ್ಪ ಯೋಚಿಸಿ, “ಅಳತಿ ಕೊಡೂದ್ರಾಗ ಏನೈತಿ, ನಡಿ” ಎಂದರು.

ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಸದ್ದು ಬರದ ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಬಟನ್ ಕೊಟ್ಟರು. ದನಿ ಕೇಳಿದಾಗ ಒತ್ತಬೇಕು. ಗಾಜಿನ ಈಚೆಯಿಂದ ನಾನು ನೋಡುತ್ತಿದ್ದೆ. ಮೊದಮೊದಲು ಹೆಬ್ಬೆರಳು ಚುರುಕಾಗಿ ಒತ್ತುತ್ತಿತ್ತು. ಆಮೇಲೆ ಬಹಳ ಹೊತ್ತು ಸುಮ್ಮನಾಯಿತು. ಅಪ್ಪ ಶಾಲೆಯ ಹುಡುಗನ ಹಾಗೆ ಮುಖ ಗಂಟಿಕ್ಕಿಕೊಂಡು, ಬಾರದ ದನಿಗಾಗಿ ಕಾಯುತ್ತಿದ್ದರು.

ಹೊರಗೆ ಬಂದ ಮೇಲೆ ಕೊಟ್ಟ ಕಾಗದ ನೋಡಿ ನಾನು ನಿಂತುಬಿಟ್ಟೆ. ಅದರ ನೆತ್ತಿಯ ಮೇಲೆ ಸಾಲಾಗಿ ಅಚ್ಚಾದ ಅಂಕಿಗಳು: 250, 500, 1000, 2000, 4000, 8000. ಅಂಗಡಿಯ ಇಕ್ವಲೈಸರಿನ ಗುಂಡಿಗಳ ಕೆಳಗಿದ್ದ ಅವೇ ಅಂಕಿಗಳು, ಅದೇ ಕ್ರಮದಲ್ಲಿ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಿಸು ಗುರುತು. ಸಾವಿರದ ತನಕ ಗೆರೆ ಮೇಲೆಯೇ, ಆರೋಗ್ಯವಂತರ ಪಟ್ಟೆಯಲ್ಲೇ ಇತ್ತು. ಎರಡು ಸಾವಿರದಲ್ಲಿ ಜಾರತೊಡಗಿ, ನಾಲ್ಕು ಸಾವಿರದಲ್ಲಿ 60 ಡೆಸಿಬಲ್ಲಿಗೆ ಬಿದ್ದು, ಎಂಟು ಸಾವಿರದಲ್ಲಿ ಮತ್ತೆ ತುಸು ಮೇಲೆದ್ದಿತ್ತು. ಬಾವಿಯ ಹಾಗೆ ಒಂದು ತಗ್ಗು. ವಯಸ್ಸಿನಿಂದ ಹೋದ ಕಿವಿಯಾದರೆ ಗೆರೆ ಇಳಿಜಾರಾಗಿ ಇಳಿಯುತ್ತಲೇ ಹೋಗುತ್ತದಂತೆ. ನಾಲ್ಕು ಸಾವಿರದ ಹತ್ತಿರ ಹೀಗೆ ತಗ್ಗು ಬಿದ್ದರೆ ಅದು ಗದ್ದಲದ ಗುರುತು. ಎರಡೂವರೆ ಸೆಂಟಿಮೀಟರ್ ಉದ್ದದ ಕಿವಿಯ ನಾಳ ತಾನೇ ಒಂದು ಇಕ್ವಲೈಸರ್. ಮೂರು ಸಾವಿರದ ಆಸುಪಾಸಿನ ದನಿಯನ್ನು ಅದು 10–15 ಡೆಸಿಬಲ್ ಏರಿಸಿ ಒಳಗೆ ಕಳಿಸುತ್ತದೆ. ಮಾತು ಕೇಳಲೆಂದು ಇರುವ ಆ ಅನುಕೂಲವೇ ಗದ್ದಲದಲ್ಲಿ ದುಡಿಯುವವರಿಗೆ ಮುಳುವಾಗುತ್ತದೆ.

“ಎಲ್ಲಿ ಕೆಲಸ ಮಾಡ್ತಿದ್ರಿ?” ಎಂದು ಕೇಳಿದರು ಪರೀಕ್ಷೆ ಮಾಡಿದವರು. ಅಪ್ಪ ಹೇಳಿದರು. ಉದ್ಯಮಬಾಗದ ಒಂದು ಫೌಂಡ್ರಿ. ಎರಕದಿಂದ ತೆಗೆದ ಭಾಗಗಳ ಅಂಚನ್ನು ಗ್ರೈಂಡರಿನಿಂದ ಉಜ್ಜಿ ನುಣುಪು ಮಾಡುವ ಫೆಟ್ಲಿಂಗ್ ವಿಭಾಗ. ಮೂವತ್ತೊಂದು ವರ್ಷ. ಕಿವಿಗೆ ಏನು ಹಾಕಿಕೊಳ್ಳುತ್ತಿದ್ದಿರಿ? ಒಮ್ಮೊಮ್ಮೆ ಅರಳೆ.

ನಾವು ಓದುವವರು ಕಾನೂನು ಹುಡುಕುತ್ತೇವೆ. ನಮ್ಮ ಕಾರ್ಖಾನೆ ನಿಯಮಗಳ ಪ್ರಕಾರ ದಿನಕ್ಕೆ ಎಂಟು ಗಂಟೆ ದುಡಿಯುವವರ ಕಿವಿಗೆ 90 ಡೆಸಿಬಲ್ ಮಿತಿ. ಐದು ಡೆಸಿಬಲ್ ಏರಿದಂತೆಲ್ಲ ಹೊತ್ತು ಅರ್ಧವಾಗಬೇಕು: 95ಕ್ಕೆ ನಾಲ್ಕು ಗಂಟೆ, 100ಕ್ಕೆ ಎರಡು. ಗದ್ದಲದಿಂದ ಬಂದ ಕಿವುಡು 1948ರ ಕಾರ್ಖಾನೆ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ, ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿತ್ತು. ಇದನ್ನೆಲ್ಲ ಕಾರಿನಲ್ಲಿ ಹೇಳಿದಾಗ ಅಪ್ಪ ಕಾಗದದ ತಗ್ಗಿನ ಮೇಲೆ ಬೆರಳಿಟ್ಟು, “ಇಷ್ಟು ಅಲ್ಲೇ ಬಿಟ್ಟು ಬಂದೀನಿ ಅನ್ನು” ಎಂದರು. ಉದ್ಯಮಬಾಗ ದಾಟುತ್ತಿದ್ದೆವು. ಅವರು ಆ ಕಡೆ ತಿರುಗಿ ನೋಡಲಿಲ್ಲ.

ಅಳತೆ ಸಿಕ್ಕ ಮೇಲೆ ಆಯ್ಕೆ ಸುಲಭವಾಗಬೇಕಿತ್ತು. ನಾಲ್ಕು ಸಾವಿರದಲ್ಲಿ 60 ಕಳೆದಿದೆ, ಗುಂಡಿಯನ್ನು ಅಷ್ಟು ಏರಿಸಿದರಾಯಿತು. ಆದರೆ ಲೆಕ್ಕ ಹಾಗೆ ನಡೆಯುವುದಿಲ್ಲ. ಕಾರಿನ ಇಕ್ವಲೈಸರಿನ ಗುಂಡಿ ಸಾಮಾನ್ಯವಾಗಿ 12ಕ್ಕೆ ನಿಲ್ಲುತ್ತದೆ. ಅಷ್ಟು ಏರಿಸಿದರೂ ಅವ್ವನ ಕಿವಿಗೆ ಸೂಜಿ ಚುಚ್ಚಿದಂತಾಗುತ್ತದೆ. ಇನ್ನೊಂದು ತೊಡಕು ಅಪ್ಪನ ಕಿವಿಯಲ್ಲೇ ಇದೆ. ಹೀಗೆ ಪೆಟ್ಟಾದ ಕಿವಿಗೆ ಸಣ್ಣ ದನಿ ಕೇಳುವುದಿಲ್ಲ, ದೊಡ್ಡ ದನಿ ಮಾತ್ರ ನಮಗೆ ಕೇಳಿದಷ್ಟೇ ದೊಡ್ಡದಾಗಿ ಕೇಳುತ್ತದೆ. “ಏನಂದಿ? ಕೇಳಸಲಿಲ್ಲ” ಎನ್ನುವವರೇ ಮರುಕ್ಷಣ “ಯಾಕ ಒದರ್ತಿ?” ಎಂದು ಸಿಡುಕುವುದು ಇದರಿಂದ. ಮುದುಕರ ಸಿಟ್ಟು ಎಂದು ನಾವು ತಿಳಿದಿರುತ್ತೇವೆ, ಅದು ಪೆಟ್ಟಾದ ಒಳಗಿವಿಯ ಗುಣ. ಅದಕ್ಕೇ ಶ್ರವಣಯಂತ್ರ ಹೊಂದಿಸುವವರ ಹತ್ತಿರ ಬಹಳ ಹಳೆಯದೊಂದು ಅಂದಾಜಿನ ಸೂತ್ರವಿದೆ: ಎಷ್ಟು ಕಳೆದಿದೆಯೋ ಅದರಲ್ಲಿ ಅರ್ಧ ಮಾತ್ರ ಹಿಂದಕ್ಕೆ ಕೊಡು. ಪೂರ್ತಿ ಕೊಟ್ಟರೆ ತಡೆಯಲಾಗದು.

ಇಂದಿನ ಶ್ರವಣಯಂತ್ರವೂ ಇಕ್ವಲೈಸರೇ. ಕಿವಿಯ ಹಿಂದೆ ಕೂರುತ್ತದೆ, ಕಾಗದದ ಗೆರೆ ನೋಡಿ ಒಂದೊಂದು ವಲಯಕ್ಕೂ ಬೇಕಾದಷ್ಟೇ ಏರಿಸುತ್ತದೆ, ಸಣ್ಣ ದನಿಗೆ ಹೆಚ್ಚು, ದೊಡ್ಡ ದನಿಗೆ ಕಡಿಮೆ. ಕಾರಿನಲ್ಲಿ ಮೂವರಿದ್ದೇವೆ, ಒಬ್ಬರ ಕಿವಿಗೆ ಬೇಕಾದದ್ದನ್ನು ಒಬ್ಬರಿಗೇ ಕೊಡಬಲ್ಲದ್ದು ಅದೊಂದೇ. ಹಣ ಮೊದಲು ಅಲ್ಲಿಗೆ ಹೋಗಬೇಕು ಎಂದು ಅಣ್ಣನೂ ನಾನೂ ನಿರ್ಧರಿಸಿದೆವು. ಅಪ್ಪನನ್ನು ಒಪ್ಪಿಸಲು ನಾಲ್ಕು ತಿಂಗಳು ಬೇಕಾಯಿತು. “ಚಷ್ಮಾ ಹಾಕ್ಕೊಂಡ್ರ ಶ್ಯಾಣ್ಯಾ ಅಂತಾರ, ಇದನ್ನ ಹಾಕ್ಕೊಂಡ್ರ ಕಿವುಡ ಅಂತಾರ” ಎನ್ನುವುದು ಅವರ ವಾದ. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ, ಈಗಲೂ ಇಲ್ಲ. ಕೊನೆಗೆ ಅವರು ಒಪ್ಪಿದ್ದು ಹಾಡಿಗಲ್ಲ. ಮೊಮ್ಮಗಳು ಮಾತು ಕಲಿಯತೊಡಗಿದ್ದಳು. ಎಳೆಯ ಮಕ್ಕಳ ದನಿ ದೊಡ್ಡವರ ದನಿಗಿಂತ ಮೇಲಿರುತ್ತದೆ.

ಹಾಗಾದರೆ ಕಾರಿಗೆ ಇಕ್ವಲೈಸರ್ ಬೇಡವೇ? ಬೇಕಾಯಿತು. ಶ್ರವಣಯಂತ್ರಕ್ಕೆ ಗದ್ದಲದಲ್ಲಿ ಹಾಡನ್ನು ಬೇರೆ ಮಾಡಿ ತೋರಿಸುವುದು ಕಷ್ಟ. ಕಿಟಕಿ ತೆರೆದಾಗ ಗಾಳಿ ಮೈಕಿಗೆ ಬಡಿದು ಬುಸುಗುಡುತ್ತದೆ. ಹೀಗಾಗಿ ಅಪ್ಪ ಒಂದೊಂದು ದಿನ ಕಾರು ಹತ್ತಿದ ಕೂಡಲೇ ಅದನ್ನು ತೆಗೆದು ಅಂಗಿಯ ಕಿಸೆಗೆ ಹಾಕುತ್ತಾರೆ, ಒಂದೊಂದು ದಿನ ಹಾಕಿಕೊಂಡೇ ಇರುತ್ತಾರೆ. ಒಂದೇ ಕಾರು, ಒಬ್ಬರೇ ಅಪ್ಪ, ಎರಡು ತರದ ಕಿವಿ. ಇದು ಗೊತ್ತಾದ ಮೇಲೆ ಏನು ಕೊಳ್ಳಬೇಕೆಂಬುದು ತಾನಾಗಿ ಇತ್ಯರ್ಥವಾಯಿತು. ಎಷ್ಟು ಬ್ಯಾಂಡು, ಎಷ್ಟು ವ್ಯಾಟು ಎನ್ನುವುದಕ್ಕಿಂತ ಮುಖ್ಯವಾದದ್ದು ಹೊಂದಿಸಿದ್ದನ್ನು ನೆನಪಿಟ್ಟುಕೊಳ್ಳುವ ಗುಣ. ಏಳು ಗುಂಡಿಯ ಗ್ರಾಫಿಕ್ ಪೆಟ್ಟಿಗೆ ಅಗ್ಗವಾಗಿತ್ತು, ಕೈಗೆ ಚೆನ್ನಾಗಿತ್ತು, ಆದರೆ ಗುಂಡಿಗಳು ನಿಂತದ್ದೇ ಅದರ ನೆನಪು. ಬದಲಿಸಿದರೆ ಹಳೆಯದು ಹೋಯಿತು. 13 ಬ್ಯಾಂಡಿನ ಟೇಪು ಮಾತ್ರ ಮೂರು ಹೊಂದಾಣಿಕೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುತ್ತಿತ್ತು. ಅದನ್ನೇ ತಂದೆವು.

ಕೂರಿಸಿದ ಮೇಲೆ ಖಾನಾಪುರ ರಸ್ತೆಯಲ್ಲೇ, ನಾವು ಓಡಾಡುವ ವೇಗದಲ್ಲೇ, ಅಪ್ಪ ನೂರು ಸಲ ಕೇಳಿದ ಒಂದೇ ಹಾಡಿನಿಂದ ಹೊಂದಿಸಿದೆವು. ನಿಂತ ಕಾರಿನಲ್ಲಿ ಹೊಂದಿಸಿದ್ದು ಓಡುವ ಕಾರಿಗೆ ಹೊಂದುವುದಿಲ್ಲ. ಒಂದನೆಯ ಹೊಂದಾಣಿಕೆ ಯಂತ್ರ ಹಾಕಿಕೊಂಡ ಅಪ್ಪನದು: 125, 250ರ ಹತ್ತಿರ ನಾಲ್ಕು ಡೆಸಿಬಲ್ ಇಳಿಸಿ, ಉಳಿದದ್ದನ್ನು ಮುಟ್ಟದೆ ಬಿಟ್ಟದ್ದು. ಎರಡನೆಯದು ಯಂತ್ರ ಕಿಸೆಯಲ್ಲಿರುವ ಅಪ್ಪನದು: ಕೆಳಗೆ ಅದೇ ಇಳಿಕೆ, ಎರಡರಿಂದ ನಾಲ್ಕು ಸಾವಿರದ ತನಕ ಅವ್ವ “ಅಷ್ಟ ಸಾಕು” ಎನ್ನುವವರೆಗೆ ಏರಿಕೆ. ಅದು ಆರು ಡೆಸಿಬಲ್ಲಿಗೆ ನಿಂತಿತು. ಮೂರನೆಯದು ಅವ್ವನದು, ಎಲ್ಲ ಗೆರೆಗಳೂ ಸೊನ್ನೆಯ ಮೇಲೆ. ನಾವಿಬ್ಬರೇ ಸಂತೆಗೆ ಹೋಗುವಾಗ ಹಚ್ಚುತ್ತೇವೆ; ಹೆಚ್ಚಾಗಿ ಅವಳು ಮಾತಾಡುತ್ತಿರುವುದರಿಂದ ಹಾಡು ಕೇಳುವುದಿಲ್ಲ.

ಈಗ ಭಾನುವಾರ ಸಂಜೆ ಕಾರು ಹತ್ತುವಾಗ ಟೇಪಿನ ಗಾಜಿನ ಮೇಲಿನ ಅಂಕಿ ನೋಡಿದರೆ ಸಾಕು, ಅಪ್ಪನ ಜೊತೆ ಯಾವ ಕಡೆ ಮುಖ ಮಾಡಿ, ಎಷ್ಟು ಬಿಡಿಸಿ ಮಾತಾಡಬೇಕೆಂದು ತಿಳಿಯುತ್ತದೆ. ಒಂದು ಎಂದಿದ್ದ ದಿನ ಮಾತು ಹೆಚ್ಚು, ಎರಡು ಎಂದಿದ್ದ ದಿನ ಹಾಡು ಹೆಚ್ಚು. ಮುಂಜಾನೆಯ ಚಹಾದ ಹೊತ್ತಿಗೆ ಯಂತ್ರ ಕಿವಿಯಲ್ಲೇ ಇರುತ್ತದೆ, ಅವ್ವನ “ಸಾಕ್ರಿ” ಸ್ಪಷ್ಟವಾಗಿಯೇ ಕೇಳುತ್ತದೆ. ಆದರೂ ಒಮ್ಮೊಮ್ಮೆ ಮೂರನೆಯ ಚಮಚ ಬೀಳುತ್ತದೆ. ಅದು ಯಾವ ಬ್ಯಾಂಡಿನದೆಂದು ನಾನು ಹುಡುಕಲು ಹೋಗಿಲ್ಲ.